ಎಮಿನೆಂಟ್‌ಗೆ ಒಂದು ಎಂ, ಇಮಿನೆಂಟ್‌ಗೆ ಎರಡು ಯಾಕೆ?

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬ್ಯಾಂಕ್ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಇಂಗ್ಲಿಷ್ ವಿಭಾಗದಲ್ಲಿ ಒಂದೇ ಥರ ಕಾಣುವ ಪದಗಳೇ ನನ್ನ ಅಂಕ ತಿನ್ನುತ್ತಿವೆ. ಅಫೆಕ್ಟ್–ಎಫೆಕ್ಟ್, ಎಮಿನೆಂಟ್–ಇಮಿನೆಂಟ್, ಪ್ರಿಸ್ಕ್ರೈಬ್–ಪ್ರೊಸ್ಕ್ರೈಬ್, ಅಲ್ಯೂಷನ್–ಇಲ್ಯೂಷನ್, ಅಡ್ವರ್ಸ್–ಅವರ್ಸ್, ಹೀಗೆ ನೂರು ಜೋಡಿಗಳ ಪಟ್ಟಿ ಬಾಯಿಪಾಠ ಮಾಡಿದೆ. ಎರಡು ವಾರ ಕಳೆದರೆ ಯಾವುದು ಯಾವುದೋ ತಿಳಿಯುವುದಿಲ್ಲ. ಇವೆಲ್ಲ ಲ್ಯಾಟಿನ್ ಮೂಲದವು, ಮೂಲ ಕಲಿತರೆ ಸುಲಭ ಎನ್ನುತ್ತಾರೆ. ನಿಜವೇ? ಪರೀಕ್ಷೆಗೆ ಎರಡು ತಿಂಗಳಿದೆ.

ಉತ್ತರ: ಬಹುಪಾಲು ನಿಜ. ಆದರೆ ಅದಕ್ಕಾಗಿ ಲ್ಯಾಟಿನ್ ಭಾಷೆ ಕಲಿಯಬೇಕಿಲ್ಲ, ಧಾತುಗಳ ದೊಡ್ಡ ಪಟ್ಟಿಯೂ ಬೇಕಿಲ್ಲ. ನೀವು ಕೊಟ್ಟ ಐದು ಜೋಡಿಗಳನ್ನೇ ನೋಡಿ. ಪ್ರತಿ ಜೋಡಿಯಲ್ಲೂ ಧಾತು ಒಂದೇ, ಬೇರೆಯಾಗಿರುವುದು ಅದರ ಮುಂದೆ ಅಂಟಿದ ಉಪಸರ್ಗ ಮಾತ್ರ. ಅಂದರೆ ಕಲಿಯಬೇಕಾದ್ದು ಹದಿನೈದರಷ್ಟು ಉಪಸರ್ಗಗಳನ್ನು, ಜೊತೆಗೆ ಅವು ವೇಷ ಮರೆಸುವ ರೀತಿಯನ್ನು.

ಈ ಏರ್ಪಾಟು ನಿಮಗೆ ಹೊಸದೇನಲ್ಲ. ‘ಹೃ’ ಎಂಬ ಒಂದೇ ಧಾತುವಿನಿಂದ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಬಂದಿವೆ ಎಂದು ಹೈಸ್ಕೂಲಿನ ವ್ಯಾಕರಣದಲ್ಲಿ ಓದಿರುತ್ತೀರಿ. ಪ್ರಹಾರವನ್ನೂ ಪರಿಹಾರವನ್ನೂ ಒಂದೇ ಎಂದುಕೊಳ್ಳುವ ಕನ್ನಡಿಗರು ಯಾರೂ ಇಲ್ಲ. ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ದೂರದ ನೆಂಟಸ್ತಿಕೆ ಇರುವುದರಿಂದ ಇನ್ನೂ ಒಂದು ಅನುಕೂಲವಿದೆ. ಅವರ ‘ಪ್ರೊ’ ನಮ್ಮ ‘ಪ್ರ’ದ ದಾಯಾದಿ, ‘ತಿರುಗು’ ಎಂಬ ಅರ್ಥದ ‘ವೆರ್ತೆರೆ’ ನಮ್ಮ ‘ವೃತ್’ ಧಾತುವಿನದು, ‘ಕೂರು’ ಎಂಬ ಅರ್ಥದ ‘ಸೆಡೇರೆ’ ಸದನ, ಸಭಾಸದ ಎನ್ನುವಲ್ಲಿನ ‘ಸದ್’ ಕುಲದ್ದು. ಪಟ್ಟಿಗಿಂತ ಈ ನೆಂಟಸ್ತಿಕೆ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ.

ಮುಂದುವರಿಯುವ ಮೊದಲು ಒಂದು ಸೂಚನೆ. ಸ್ಪೆಲ್ಲಿಂಗ್ ಹೇಳುವಾಗ ‘ಎ’ ಎಂದರೆ ಇಂಗ್ಲಿಷಿನ ಮೊದಲ ಅಕ್ಷರ, ‘ಇ’ ಎಂದರೆ ಐದನೆಯದು, ‘ಐ’ ಎಂದರೆ ಒಂಬತ್ತನೆಯದು. ಕನ್ನಡ ಲಿಪಿಯಲ್ಲಿ ಬರೆದಾಗ ಕೆಲವು ಜೋಡಿಗಳು ಪೂರ್ತಿ ಒಂದೇ ಆಗಿಬಿಡುತ್ತವೆ, ಅದಕ್ಕೆ ಈ ಎಚ್ಚರಿಕೆ.

ವೇಷ ಮರೆಸುವ ರೀತಿ ಎಂದೆನಲ್ಲ, ಅದು ನಮ್ಮ ಸಂಧಿಯೇ. ಉತ್ + ಲಾಸ ಸೇರಿ ಉಲ್ಲಾಸವಾಗುತ್ತದೆ, ಸತ್ + ಜನ ಸಜ್ಜನವಾಗುತ್ತದೆ. ಮುಂದಿನ ವ್ಯಂಜನ ಹಿಂದಿನದನ್ನು ತನ್ನಂತೆಯೇ ಮಾಡಿಕೊಳ್ಳುತ್ತದೆ, ಹಾಗಾಗಿ ‘ತ್’ ಕಣ್ಣಿಗೆ ಕಾಣುವುದೇ ಇಲ್ಲ. ಲ್ಯಾಟಿನ್ನಿನಲ್ಲೂ ನಡೆಯುವುದು ಇದೇ. ‘ಕಡೆಗೆ’ ಎಂಬ ಅರ್ಥದ ‘ಆ್ಯಡ್’ ಎಲ್ ಅಕ್ಷರದ ಮುಂದೆ ‘ಎ-ಎಲ್’ ಆಗುತ್ತದೆ, ಎಫ್ ಮುಂದೆ ‘ಎ-ಎಫ್’, ಸಿ ಮುಂದೆ ‘ಎ-ಸಿ’. ‘ಒಳಗೆ, ಮೇಲೆ’ ಎಂಬ ಅರ್ಥದ ‘ಇನ್’ ಎಂ ಮುಂದೆ ‘ಐ-ಎಂ’ ಆಗುತ್ತದೆ, ಎಲ್ ಮುಂದೆ ‘ಐ-ಎಲ್’, ಆರ್ ಮುಂದೆ ‘ಐ-ಆರ್’. ‘ಹೊರಗೆ’ ಎಂಬ ಅರ್ಥದ ‘ಎಕ್ಸ್’ ಮಾತ್ರ ಈ ಎಂ, ಎಲ್, ಆರ್, ಎನ್‌ಗಳ ಮುಂದೆ ತನ್ನ ಎಕ್ಸ್ ಅಕ್ಷರವನ್ನು ಬಿಟ್ಟುಕೊಟ್ಟು ಬರೀ ‘ಇ’ ಆಗಿ ಉಳಿಯುತ್ತದೆ. ನಿಮ್ಮ ಅರ್ಧ ಸಮಸ್ಯೆಗೆ ಉತ್ತರ ಇಲ್ಲಿಯೇ ಇದೆ: ವ್ಯಂಜನ ಒಂಟಿಯಾಗಿದ್ದರೆ ‘ಹೊರಗೆ’, ಜೋಡಿಯಾಗಿದ್ದರೆ ‘ಒಳಗೆ’ ಅಥವಾ ‘ಮೇಲೆ’.

ಎಮಿಗ್ರೇಟ್‌ಗೆ ಒಂದು ಎಂ, ಅರ್ಥ ದೇಶ ಬಿಟ್ಟು ಹೊರಗೆ ಹೋಗು. ಇಮಿಗ್ರೇಟ್‌ಗೆ ಎರಡು ಎಂ, ಅರ್ಥ ಒಳಗೆ ಬಂದು ನೆಲೆಸು. ಕನ್ನಡದಲ್ಲಿ ಎರಡಕ್ಕೂ ವಲಸೆ ಎನ್ನುವುದರಿಂದ ನಮಗೆ ಇದು ಹೆಚ್ಚು ಕಾಡುತ್ತದೆ. ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೊರಟವರ ಪಾಸ್‌ಪೋರ್ಟ್ ವಿಚಾರದಲ್ಲಿ ‘ಇಸಿಆರ್’ ಎಂಬ ಮಾತು ಕೇಳಿರುತ್ತೀರಿ. ಅದರ ಮೊದಲ ಅಕ್ಷರ ಎಮಿಗ್ರೇಷನ್‌ನದು, ದೇಶ ಬಿಡುವ ಮುನ್ನ ಆಗಬೇಕಾದ ತಪಾಸಣೆ. ಕರಾವಳಿಯ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಮಾನ ನಿಲ್ದಾಣದಲ್ಲಿ ಹೋಗುವವರನ್ನು ತಪಾಸಿಸುವ ಕೌಂಟರಿಗೂ ಇಮಿಗ್ರೇಷನ್ ಎಂದೇ ಹೆಸರಿಟ್ಟು ಗೊಂದಲವನ್ನು ಇನ್ನಷ್ಟು ಬೆಳೆಸಿದ್ದಾರೆ, ಆ ಫಲಕವನ್ನು ನಂಬಿ ಅರ್ಥ ಕಲಿಯಬೇಡಿ.

ಎಮಿನೆಂಟ್, ಇಮಿನೆಂಟ್‌ಗಳಿಗೂ ಅದೇ ಸೂತ್ರ. ಎರಡರ ಹಿಂದೆಯೂ ಚಾಚಿಕೊಂಡಿರು, ಎದ್ದು ನಿಲ್ಲು ಎಂಬ ಅರ್ಥದ ಧಾತು ಇದೆ. ಸುತ್ತಲಿನವರಿಂದ ಹೊರಕ್ಕೆ ಎದ್ದು ನಿಂತವರು ಎಮಿನೆಂಟ್, ಅಂದರೆ ಹೆಸರಾಂತ ವಕೀಲರು, ಹೆಸರಾಂತ ವಿದ್ವಾಂಸರು. ತಲೆಯ ಮೇಲೆ ಚಾಚಿ, ಇನ್ನೇನು ಬಿತ್ತು ಎಂಬಂತೆ ತೂಗುತ್ತಿರುವುದು ಇಮಿನೆಂಟ್. ಅಪಾಯ, ಮಳೆ, ಯುದ್ಧ, ರಾಜೀನಾಮೆ ಇಮಿನೆಂಟ್ ಆಗುತ್ತವೆ, ಮನುಷ್ಯರು ಆಗುವುದಿಲ್ಲ. ಇವೆರಡರ ಜೊತೆಗೆ ಇನ್ನೊಂದು ಪದ ಬಂದು ಸೇರಿಕೊಳ್ಳುತ್ತದೆ: ಇಮನೆಂಟ್, ಐ-ಎಂ-ಎಂ ಆದ ಮೇಲೆ ಎ. ಅದರ ಧಾತು ಬೇರೆ, ಉಳಿ ಅಥವಾ ನೆಲೆಸು ಎಂಬುದು. ಪರ್ಮನೆಂಟ್‌ನಲ್ಲಿ ಇರುವುದೂ ಅದೇ. ಒಳಗೆ ನೆಲೆಸಿರುವುದು ಎಂದರೆ ನಮ್ಮ ಅಂತರ್ಯಾಮಿ. ತತ್ತ್ವಶಾಸ್ತ್ರದ ಹೊರಗೆ ಅಪರೂಪ, ಆದರೆ ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಬಲು ಪ್ರೀತಿ.

ಎಮರ್ಜ್, ಇಮರ್ಸ್‌ಗಳ ಧಾತು ಮುಳುಗು ಎಂಬುದು. ಮುಳುಗಿದ್ದು ಹೊರಗೆ ಬಂದರೆ ಎಮರ್ಜ್, ಒಂದು ಎಂ. ಗಣಪತಿಯನ್ನು ಕೆರೆಗೆ ಬಿಡುವುದು ಇಮರ್ಷನ್, ಎರಡು ಎಂ. ಎಲಿಸಿಟ್, ಇಲಿಸಿಟ್‌ಗಳಲ್ಲಿ ಎಲ್ ಅಕ್ಷರ ಎಣಿಸಿ. ಒಂದು ಎಲ್ ಇದ್ದರೆ ಹೊರಗೆ ಸೆಳೆ, ಬಾಯಿಬಿಡಿಸು ಎಂಬ ಕ್ರಿಯಾಪದ. ಎರಡು ಎಲ್ ಇದ್ದರೆ ಕಾನೂನಿಗೆ ಒಪ್ಪದ ಎಂಬ ವಿಶೇಷಣ. ಕಳ್ಳಭಟ್ಟಿಗೆ ಪೊಲೀಸ್ ದಾಖಲೆಯಲ್ಲಿ ಇಲಿಸಿಟ್ ಲಿಕ್ಕರ್ ಎನ್ನುವುದು ಇದೇ. ಅದರ ಹಿಂದಿರುವುದು ಲೈಸೆನ್ಸ್‌ನ ಧಾತು, ಅನುಮತಿ ಇರುವುದು ಎಂದರ್ಥ.

ಇಲ್ಲೊಂದು ತೊಡಕಿದೆ. ಇಲಿಸಿಟ್‌ನ ‘ಇನ್’ ಎಂದರೆ ‘ಒಳಗೆ’ ಅಲ್ಲ, ‘ಅಲ್ಲ’. ಲ್ಯಾಟಿನ್ನಿನಲ್ಲಿ ಎರಡು ಬೇರೆಬೇರೆ ‘ಇನ್’ಗಳಿವೆ: ಒಂದು ಒಳಗೆ, ಇನ್ನೊಂದು ನಮ್ಮ ‘ಅನ್’ನ ನೆಂಟ, ನಿಷೇಧಕ್ಕೆ. ಮೋಸ ಹೋಗುವುದು ಇವೆರಡರ ನಡುವೆ. ಪೆಟ್ರೋಲ್ ಟ್ಯಾಂಕರಿನ ಬೆನ್ನಿನ ಮೇಲೆ ಬರೆದಿರುವ ಇನ್‌ಫ್ಲ್ಯಾಮಬಲ್ ಎಂದರೆ ಬೇಗ ಹೊತ್ತಿಕೊಳ್ಳುವಂಥದ್ದು, ಉರಿಯದೇ ಇರುವಂಥದ್ದಲ್ಲ. ಈ ಅಪಾಯಕ್ಕೆ ಹೆದರಿಯೇ ಅಗ್ನಿಸುರಕ್ಷತೆಯವರು ‘ಇನ್’ ಕಿತ್ತುಹಾಕಿ ಫ್ಲ್ಯಾಮಬಲ್ ಎನ್ನುವುದನ್ನು ರೂಢಿಗೆ ತಂದರು. ಎರಡರ ಅರ್ಥವೂ ಒಂದೇ. ಇನ್‌ವ್ಯಾಲ್ಯುಬಲ್‌ನಲ್ಲಿ ಮಾತ್ರ ‘ಅಲ್ಲ’ ಇದೆ, ಆದರೂ ಅರ್ಥ ಬೆಲೆಯಿಲ್ಲದ್ದು ಅಂತಲ್ಲ, ಬೆಲೆ ಕಟ್ಟಲಾಗದ್ದು. ಇನ್ನು ಇಮಿಟೇಟ್, ಇಮ್ಯಾಜಿನ್‌ಗಳಲ್ಲಿ ಒಂದೇ ಎಂ ಇದೆ ಎಂದು ಗೊಂದಲಪಡಬೇಡಿ. ಅವುಗಳಲ್ಲಿ ಉಪಸರ್ಗವೇ ಇಲ್ಲ.

ಸಂಧಿ ಬಿಡಿಸುವುದು ಬಂದರೆ ಸ್ಪೆಲ್ಲಿಂಗ್ ತಪ್ಪುಗಳೂ ಉದುರುತ್ತವೆ. ಅಕಾಮಡೇಟ್‌ಗೆ ಎರಡು ಸಿ, ಎರಡು ಎಂ. ಯಾಕೆಂದರೆ ಅದರಲ್ಲಿ ಎರಡು ಉಪಸರ್ಗಗಳು ಒಂದರ ಹಿಂದೆ ಒಂದು ನಿಂತಿವೆ: ಆ್ಯಡ್ + ಕಾಮ್ + ಮೋಡ್. ಆ್ಯಡ್‌ನ ಡಿ ಮುಂದಿನ ಸಿಗೆ ಶರಣಾಗಿ ಸಿ-ಸಿ. ಕಾಮ್‌ನ ಎಂ ಮುಂದಿನ ಎಂ ಜೊತೆ ಸೇರಿ ಎಂ-ಎಂ. ರೆಕಮೆಂಡ್‌ನಲ್ಲಿ ರಿ + ಕಾಮ್ + ಮೆಂಡ್, ರಿ ಕೊನೆಗೆ ವ್ಯಂಜನವಿಲ್ಲ, ಹಾಗಾಗಿ ಒಂದೇ ಸಿ, ಎರಡು ಎಂ. ಲಾಡ್ಜುಗಳ ಬೋರ್ಡಿನಲ್ಲಿ ಅಕಾಮಡೇಷನ್‌ಗೆ ಒಂದೇ ಎಂ ಹಾಕಿರುವುದು ಎಷ್ಟು ಸಾಮಾನ್ಯ ಎಂದು ನೀವೇ ಗಮನಿಸಿ.

ಈಗ ಅಲ್ಯೂಷನ್, ಇಲ್ಯೂಷನ್. ಈ ಕುಟುಂಬವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಒಂದೇ ಧಾತುವಿಗೆ ಇಷ್ಟು ಚೊಕ್ಕ ಉದಾಹರಣೆ ಇನ್ನೊಂದಿಲ್ಲ. ಧಾತು ‘ಲುಡೆರೆ’, ಆಡು. ಆ್ಯಡ್ ಸೇರಿದರೆ ವಿಷಯದ ಹತ್ತಿರ ಆಡುತ್ತಾ ಸುಳಿದು ಹೋಗುವುದು, ಹೆಸರು ಹೇಳದೆ ಸೂಚಿಸುವುದು, ಅದು ಅಲ್ಯೂಷನ್. ‘ನಮ್ಮ ಆಫೀಸಿನಲ್ಲೂ ಒಬ್ಬ ಶಕುನಿ ಇದ್ದಾನೆ’ ಎಂದರೆ ಮಹಾಭಾರತಕ್ಕೆ ಅಲ್ಯೂಷನ್. ಇನ್ ಸೇರಿದರೆ ಯಾರದೋ ಮೇಲೆ ಆಟ ಕಟ್ಟುವುದು, ಇಂದ್ರಿಯಗಳು ಮೋಸ ಹೋಗುವುದು, ಅದು ಇಲ್ಯೂಷನ್. ‘ಕೆಳಗೆ’ ಎಂಬ ‘ಡಿ’ ಸೇರಿದರೆ ಆಟವಾಡಿ ಕೆಡವುವುದು, ತಪ್ಪು ನಂಬಿಕೆಗೆ ಬೀಳುವುದು, ಅದು ಡಿಲ್ಯೂಷನ್. ಕೊನೆಯ ಎರಡರ ವ್ಯತ್ಯಾಸಕ್ಕೆ ನಮ್ಮ ಹಳೆಯ ಹಗ್ಗ–ಹಾವಿನ ದೃಷ್ಟಾಂತವೇ ಸಾಕು. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಂಡದ್ದು ಇಲ್ಯೂಷನ್. ದೀಪ ತಂದು ತೋರಿಸಿದ ಮೇಲೂ ಅದು ಹಾವೇ ಎಂದು ಹಟ ಹಿಡಿದರೆ ಡಿಲ್ಯೂಷನ್. ‘ಒಟ್ಟಿಗೆ’ ಎಂಬ ‘ಕಾಮ್’ ಸೇರಿದರೆ ಕೊಲ್ಯೂಷನ್, ಒಳಗೊಳಗೇ ಸೇರಿ ಆಡುವ ಆಟ: ಟೆಂಡರ್ ಹಾಕುವ ಗುತ್ತಿಗೆದಾರರು ಮೊದಲೇ ದರ ಮಾತಾಡಿಕೊಂಡಂತೆ. ಇದನ್ನು ಕೊಲಿಷನ್ ಜೊತೆ ಬೆರೆಸಬೇಡಿ. ಅದರ ಧಾತು ಬೇರೆ, ಹೊಡೆ, ಘಾಸಿ ಮಾಡು ಎಂಬುದು; ಲಾರಿ ಬಸ್ಸು ಡಿಕ್ಕಿಯಾದರೆ ಕೊಲಿಷನ್. ಯು ಇದ್ದರೆ ಆಟ, ಐ ಇದ್ದರೆ ಏಟು.

ಪ್ರಿಸ್ಕ್ರೈಬ್, ಪ್ರೊಸ್ಕ್ರೈಬ್‌ಗಳಲ್ಲಿ ಧಾತು ‘ಬರೆ’. ಪ್ರಿ ಎಂದರೆ ಮೊದಲು. ಮೊದಲೇ ಬರೆದು ಇಡುವುದು ವಿಧಿಸುವುದು. ಡಾಕ್ಟರ ಚೀಟಿಯೂ ವಿಶ್ವವಿದ್ಯಾಲಯದ ಪಠ್ಯವೂ ಪ್ರಿಸ್ಕ್ರೈಬ್ ಆಗುತ್ತವೆ. ಪ್ರೊ ಎಂದರೆ ಮುಂದೆ, ಎಲ್ಲರೆದುರು. ಬಹಿರಂಗವಾಗಿ ಬರೆದು ಹಾಕುವುದಕ್ಕೆ ನಿಷೇಧ ಎಂಬ ಅರ್ಥ ಎಲ್ಲಿಂದ ಬಂತು? ರೋಮಿನಲ್ಲಿ ಕ್ರಿ.ಪೂ. 82ರಲ್ಲಿ ಸುಲ್ಲಾ ಅಧಿಕಾರ ಹಿಡಿದಾಗ ತನ್ನ ವಿರೋಧಿಗಳ ಹೆಸರುಗಳನ್ನು ಬರೆಸಿ ಊರ ನಡುವಿನ ಚೌಕದಲ್ಲಿ ತೂಗುಹಾಕಿಸಿದ. ಪಟ್ಟಿಯಲ್ಲಿದ್ದವರನ್ನು ಯಾರು ಬೇಕಾದರೂ ಕೊಲ್ಲಬಹುದಿತ್ತು, ಆಸ್ತಿ ಮುಟ್ಟುಗೋಲಾಗುತ್ತಿತ್ತು. ಕ್ರಿ.ಪೂ. 43ರಲ್ಲಿ ಇಂಥದೇ ಇನ್ನೊಂದು ಪಟ್ಟಿ ಬಂತು, ಅದರಲ್ಲಿ ವಾಗ್ಮಿ ಸಿಸೆರೊನ ತಲೆ ಹೋಯಿತು. ಆ ಪಟ್ಟಿಯ ಹೆಸರಿನಿಂದ ಬಂದದ್ದು ಪ್ರೊಸ್ಕ್ರೈಬ್. ಬ್ರಿಟಿಷ್ ಸರ್ಕಾರ ನಮ್ಮಲ್ಲಿ ನಿಷೇಧಿಸಿದ ಪುಸ್ತಕ, ಕರಪತ್ರಗಳಿಗೂ ಇದೇ ಪದ. ಒಂದೇ ಒಂದು ಸ್ವರದಿಂದ ಪಠ್ಯಪುಸ್ತಕ ನಿಷೇಧಿತ ಪುಸ್ತಕವಾಗಿಬಿಡುತ್ತದೆ.

ಪ್ರಿ, ಪ್ರೊ, ಪರ್ ಈ ಮೂರನ್ನು ಒಟ್ಟಿಗೆ ಇಟ್ಟುಕೊಳ್ಳಿ: ಮೊದಲು, ಮುಂದಕ್ಕೆ, ಮೂಲಕ ಅಥವಾ ಕೊನೆಯವರೆಗೆ. ಪ್ರಾಸಿಕ್ಯೂಟ್ ಎಂದರೆ ಬೆನ್ನು ಹಿಡಿದು ಮುಂದಕ್ಕೆ ನಡೆಸು, ಮೊಕದ್ದಮೆ ಹೂಡು. ಪರ್ಸಿಕ್ಯೂಟ್ ಎಂದರೆ ಬಿಡದೆ ಬೆನ್ನಟ್ಟಿ ಹಿಂಸಿಸು. ಪ್ರಾಸ್ಪೆಕ್ಟಿವ್ ಎಂದರೆ ಮುಂದಕ್ಕೆ ನೋಡುವ, ಇನ್ನು ಆಗಬೇಕಾದ, ಉದಾಹರಣೆಗೆ ಸಂಭಾವ್ಯ ಗಿರಾಕಿ; ಪರ್‌ಸ್ಪೆಕ್ಟಿವ್ ಎಂದರೆ ಯಾವುದರ ಮೂಲಕ ನೋಡುತ್ತೀರೋ ಆ ದೃಷ್ಟಿಕೋನ.

ಅಫೆಕ್ಟ್, ಎಫೆಕ್ಟ್‌ಗಳಿಗೆ ಒಂಟಿ–ಜೋಡಿ ಸೂತ್ರ ನಡೆಯುವುದಿಲ್ಲ. ‘ಎಕ್ಸ್’ ಎಫ್ ಮುಂದೆ ಮಾತ್ರ ದ್ವಿತ್ವವಾಗುತ್ತದೆ, ಆದ್ದರಿಂದ ಎರಡರಲ್ಲೂ ಎರಡು ಎಫ್. ಮೊದಲ ಅಕ್ಷರ ನೋಡಬೇಕು. ಧಾತು ‘ಮಾಡು’. ಆ್ಯಡ್ + ಮಾಡು, ಯಾವುದರದೋ ಮೇಲೆ ಕೈಮಾಡು, ಪರಿಣಾಮ ಬೀರು. ಎಕ್ಸ್ + ಮಾಡು, ಮಾಡಿ ಮುಗಿಸು, ಹೊರಬಂದ ಫಲ. ಹಾಗಾಗಿ ಹತ್ತರಲ್ಲಿ ಒಂಬತ್ತು ಸಲ ಅಫೆಕ್ಟ್ ಕ್ರಿಯಾಪದ, ಎಫೆಕ್ಟ್ ನಾಮಪದ. ಬ್ಯಾಂಕ್ ಸುತ್ತೋಲೆಗಳಲ್ಲಿ ಡಬ್ಲ್ಯು-ಇ-ಎಫ್ ಎಂದು ತಾರೀಕಿನ ಹಿಂದೆ ಬರುವುದು ವಿತ್ ಎಫೆಕ್ಟ್ ಫ್ರಮ್, ಇಂಥ ದಿನದಿಂದ ಜಾರಿ. ಉಳಿದ ಒಂದು ಸಲವೇ ಅಪಾಯ. ಎಫೆಕ್ಟ್ ಕ್ರಿಯಾಪದವಾದಾಗ ಅರ್ಥ ‘ಪರಿಣಾಮ ಬೀರು’ ಅಲ್ಲ, ‘ಆಗುವಂತೆ ಮಾಡು, ಜಾರಿಗೆ ತರು’. ಬದಲಾವಣೆಯನ್ನು ಅಫೆಕ್ಟ್ ಮಾಡಿದರೆ ಆಗುತ್ತಿರುವ ಬದಲಾವಣೆಗೆ ಏನೋ ತಾಗಿತು ಎಂದರ್ಥ; ಎಫೆಕ್ಟ್ ಮಾಡಿದರೆ ಬದಲಾವಣೆಯನ್ನೇ ತಂದಿರಿ ಎಂದರ್ಥ.

ಅಡ್ವರ್ಸ್, ಅವರ್ಸ್‌ಗೆ ಕನ್ನಡದ ನುಡಿಗಟ್ಟೇ ಇದೆ. ‘ವೆರ್ತೆರೆ’ ಎಂದರೆ ತಿರುಗು. ಅಬ್, ದೂರಕ್ಕೆ, ಎ-ಬಿ ಎಂಬುದರ ಬಿ, ವಿ ಮುಂದೆ ಬಿದ್ದುಹೋಗಿ ಬರೀ ಎ ಉಳಿದಿದೆ. ಅವರ್ಸ್ ಎಂದರೆ ಮುಖ ತಿರುಗಿಸಿದವರು, ಇಷ್ಟವಿಲ್ಲದವರು. ಅಡ್ವರ್ಸ್ ಎಂದರೆ ನಮ್ಮ ಕಡೆಗೇ ತಿರುಗಿ ಎದುರಾದದ್ದು, ಪ್ರತಿಕೂಲ. ಜನ ಅವರ್ಸ್, ಸಂಗತಿಗಳು ಅಡ್ವರ್ಸ್. ಜಮೀನಿನ ತಕರಾರುಗಳಲ್ಲಿ ಕೇಳಿಬರುವ ಅಡ್ವರ್ಸ್ ಪೊಸೆಷನ್ ಎಂದರೆ ಮಾಲೀಕನಿಗೆ ಎದುರಾಗಿ ನಿಂತ ಸ್ವಾಧೀನ. 1963ರ ಕಾಲಮಿತಿ ಕಾಯ್ದೆಯಲ್ಲಿ ಅದಕ್ಕೆ 12 ವರ್ಷದ ಲೆಕ್ಕವಿದೆ.

ಬ್ಯಾಂಕಿಗೆ ಹೋಗುವವರಾದ್ದರಿಂದ ಇಂಟರ್, ಇಂಟ್ರಾ ಕೂಡ ಹೇಳಿಬಿಡುತ್ತೇನೆ. ಇಂಟರ್ ಎಂದರೆ ನಡುವೆ, ಇಂಟ್ರಾ ಎಂದರೆ ಒಳಗೆ. ಹುಬ್ಬಳ್ಳಿಯ ವ್ಯಾಪಾರಿ ಬೆಂಗಳೂರಿಗೆ ಶೇ 18ರ ಜಿಎಸ್‌ಟಿ ಇರುವ ಸರಕು ಮಾರಿದರೆ ಅದು ಇಂಟ್ರಾ-ಸ್ಟೇಟ್, ಬಿಲ್ಲಿನಲ್ಲಿ ಕೇಂದ್ರದ ಪಾಲು ಸಿಜಿಎಸ್‌ಟಿ 9, ರಾಜ್ಯದ ಪಾಲು ಎಸ್‌ಜಿಎಸ್‌ಟಿ 9. ಪುಣೆಗೆ ಮಾರಿದರೆ ಇಂಟರ್-ಸ್ಟೇಟ್, ಎರಡೂ ಸೇರಿ ಒಂದೇ ಐಜಿಎಸ್‌ಟಿ 18. ತಪ್ಪು ತಲೆಬರಹದಲ್ಲಿ ಕಟ್ಟಿದರೆ ಸರಿಯಾದದ್ದರಲ್ಲಿ ಮತ್ತೆ ಕಟ್ಟಿ, ಮೊದಲಿನದನ್ನು ವಾಪಸ್ ಕೇಳಬೇಕು. ಕನ್ನಡದಲ್ಲಿ ‘ಅಂತರ’ ಮತ್ತು ‘ಅಂತರ್’ ಹೀಗೇ ಜಗಳವಾಡುತ್ತವೆ. ನೆಲದೊಳಗಿನ ಅಂತರ್ಜಲ ಸರಿ, ಆದರೆ ಇಂಟರ್‌ನೆಟ್ ಅಂತರಜಾಲವೋ ಅಂತರ್ಜಾಲವೋ ಎಂದು ಈಗಲೂ ಎರಡೂ ಥರ ಬರೆಯುತ್ತಾರೆ.

ಸೂಪರ್‌ಸೀಡ್‌ನ ಸ್ಪೆಲ್ಲಿಂಗ್ ತಪ್ಪದವರು ಕಡಿಮೆ. ‘ಹೋಗು’ ಎಂಬ ಧಾತುವಿನಿಂದ ಬಂದ ಪ್ರಿಸೀಡ್, ರಿಸೀಡ್, ಕನ್‌ಸೀಡ್ ಎಲ್ಲ ಸಿ-ಇ-ಡಿ-ಇ. ಇ-ಇ ಇರುವುದು ಮೂರಕ್ಕೆ ಮಾತ್ರ: ಪ್ರೊಸೀಡ್, ಎಕ್ಸೀಡ್, ಸಕ್ಸೀಡ್. ಪ್ರೊಸೀಜರ್‌ನಲ್ಲಿ ಮತ್ತೆ ಒಂದೇ ಇ, ಇಂಗ್ಲಿಷಿನ ಶುದ್ಧ ಹಟಮಾರಿತನ. ಸೂಪರ್‌ಸೀಡ್‌ಗೆ ಮಾತ್ರ ಎಸ್-ಇ-ಡಿ-ಇ, ಯಾಕೆಂದರೆ ಅದು ‘ಹೋಗು’ ಅಲ್ಲ, ನಮ್ಮ ‘ಸದ್’, ಕೂರು. ಹೊಸ ಸುತ್ತೋಲೆ ಹಳೆಯದರ ಮೇಲೆ ಕೂತುಬಿಡುತ್ತದೆ.

ಮೂಲ ಗೊತ್ತಿದ್ದರೂ ಅರ್ಧ ಮಾತ್ರ ನೆರವಾಗುವ ಜೋಡಿಗಳೂ ಇವೆ. ಸ್ಟೇಷನರಿಗೆ ಎ ಇದ್ದರೆ ನಿಂತಿರುವ, ಇ ಇದ್ದರೆ ಪೆನ್ನು ಕಾಗದ. ಎರಡೂ ‘ಸ್ಥಾ’ ಕುಲದವೇ. ಮಧ್ಯಯುಗದ ಯುರೋಪಿನಲ್ಲಿ ತಿರುಗಾಡಿ ಮಾರುವವರ ನಡುವೆ ಒಂದೇ ಕಡೆ ಅಂಗಡಿ ಇಟ್ಟು ಕೂತವನು ಸ್ಟೇಷನರ್, ಬಹುಮಟ್ಟಿಗೆ ಪುಸ್ತಕದವನು. ಬೇಕರ್ ಮಾಡುವುದು ಬೇಕರಿಯಾದಂತೆ ಸ್ಟೇಷನರ್ ಮಾರುವುದು ಸ್ಟೇಷನರಿ, ಇ-ಆರ್-ವೈ. ಪ್ರಿನ್ಸಿಪಲ್‌ನಲ್ಲಿ ಕೊನೆಗೆ ಎ-ಎಲ್ ಇದ್ದರೆ ಅದು ಹುಟ್ಟಿನಿಂದ ವಿಶೇಷಣ, ‘ಮುಖ್ಯ’. ಕಾಲೇಜಿನ ಮುಖ್ಯಸ್ಥರೂ ಸಾಲದ ಅಸಲೂ ಅದರಿಂದಲೇ ಬಂದದ್ದು. ಎಲ್-ಇ ಇದ್ದರೆ ತತ್ತ್ವ, ಸದಾ ನಾಮಪದ. ಕಾಂಪ್ಲಿಮೆಂಟ್‌ನ ಎರಡು ರೂಪವೂ ‘ತುಂಬು’ ಎಂಬ ಒಂದೇ ಧಾತುವಿನವು. ಇ ಇರುವುದು ಕಂಪ್ಲೀಟ್‌ನ ಪಕ್ಕದ ಮನೆ, ಪೂರಕ. ಲೆಕ್ಕದಲ್ಲಿ ಕೂಡಿ 90 ಡಿಗ್ರಿಯಾಗುವ ಕೋನಗಳು. ಐ ಇರುವುದು ಬೇರೆ ಭಾಷೆಗಳನ್ನು ಸುತ್ತಿಕೊಂಡು ಬಂದು ಮೆಚ್ಚುಗೆಯಾಯಿತು, ಹೋಟೆಲಿನ ಪುಕ್ಕಟೆ ತಿಂಡಿಯಾಯಿತು. ಡಿಸ್ಕ್ರೀಟ್‌ಗಳ ವಿಷಯದಲ್ಲಿ ಮೂಲ ಪೂರ್ತಿ ಕೈಕೊಡುತ್ತದೆ, ಎರಡೂ ‘ಜರಡಿ ಹಿಡಿ, ಬೇರ್ಪಡಿಸು’ ಎಂಬ ಒಂದೇ ರೂಪದಿಂದ ಬಂದಿವೆ. ಅಲ್ಲಿ ಗುರುತಿನ ಉಪಾಯವೇ ಗತಿ: ಎರಡು ಇಗಳನ್ನು ಟಿ ಬಿಡಿಸಿ ನಿಲ್ಲಿಸಿದ್ದರೆ ‘ಬಿಡಿಬಿಡಿಯಾದ’, ಎರಡು ಇಗಳು ಒತ್ತಿಕೊಂಡು ಗುಟ್ಟು ಮಾತಾಡುತ್ತಿದ್ದರೆ ‘ಗುಟ್ಟು ಕಾಯುವ’.

ಧಾತು ಹುಡುಕುವ ಉತ್ಸಾಹಕ್ಕೂ ಕಡಿವಾಣ ಬೇಕು. ಪೆಡಲ್, ಪೆಡೆಸ್ಟ್ರಿಯನ್‌ಗಳಲ್ಲಿ ಇರುವುದು ಲ್ಯಾಟಿನ್ ‘ಪಾದ’. ಅದೇ ಧೈರ್ಯದಲ್ಲಿ ಪೀಡಿಯಾಟ್ರಿಕ್, ಆರ್ಥೊಪೀಡಿಕ್‌ಗಳಲ್ಲೂ ಪಾದ ಕಂಡರೆ ತಪ್ಪು. ಅದು ಗ್ರೀಕ್ ‘ಮಗು’. ಮಕ್ಕಳ ಸೊಟ್ಟ ಮೈಯನ್ನು ನೆಟ್ಟಗೆ ಮಾಡುವ ವಿದ್ಯೆ ಎಂದು 1741ರಲ್ಲಿ ಫ್ರಾನ್ಸಿನ ವೈದ್ಯ ನಿಕೊಲಾ ಆಂದ್ರಿ ಆ ಹೆಸರು ಕಟ್ಟಿದ. ಅನುಮಾನ ಬಂದರೆ ನಿಘಂಟಿನಲ್ಲಿ ಅರ್ಥದ ಜೊತೆ ಕೊಡುವ ವ್ಯುತ್ಪತ್ತಿಯ ಸಾಲು ಓದಿ, ಅರ್ಧ ನಿಮಿಷದ ಕೆಲಸ.

ಎರಡು ತಿಂಗಳಿಗೆ ಯೋಜನೆ ಹೀಗಿರಲಿ. ಮೊದಲ ವಾರ ಉಪಸರ್ಗಗಳು ಮಾತ್ರ: ಆ್ಯಡ್, ಅಬ್, ಎಕ್ಸ್, ಎರಡು ಇನ್, ಕಾಮ್, ಡಿ, ಡಿಸ್ (ಬೇರೆಯಾಗಿ), ಪ್ರಿ, ಪ್ರೊ, ಪರ್, ರಿ (ಹಿಂದಕ್ಕೆ, ಮತ್ತೆ), ಸಬ್ (ಅಡಿಯಲ್ಲಿ), ಇಂಟರ್, ಇಂಟ್ರಾ. ಪ್ರತಿಯೊಂದಕ್ಕೂ ಕೈ ಆಡಿಸಿ ದಿಕ್ಕು ತೋರಿಸಿ. ನಗು ಬಂದರೂ ಮಾಡಿ. ಆಮೇಲೆ ದಿನಕ್ಕೆ ಮೂರೇ ಪದ. ಜೋಡಿಯ ಎರಡನ್ನೂ ಒಂದೇ ದಿನ ಕಲಿಯಬೇಡಿ. ನಿಮ್ಮ ಪಟ್ಟಿ ಸೋತದ್ದು ಅಲ್ಲಿಯೇ, ಎರಡು ಹೊಸ ಪದಗಳನ್ನು ಅಕ್ಕಪಕ್ಕ ಇಟ್ಟು ಕಲಿತರೆ ಮನಸ್ಸಿನಲ್ಲೂ ಅವು ಅಂಟಿಕೊಂಡೇ ಉಳಿಯುತ್ತವೆ. ಒಂದು ಗಟ್ಟಿಯಾದ ನಾಲ್ಕೈದು ದಿನದ ಮೇಲೆ ಇನ್ನೊಂದನ್ನು ತನ್ನಿ. ಪದವನ್ನು ಒಂಟಿಯಾಗಿ ಬರೆಯದೆ ಅದರ ಸಂಗಾತಿಯೊಡನೆ ಬರೆಯಿರಿ: ಇಮಿನೆಂಟ್ ಡೇಂಜರ್, ಅವರ್ಸ್ ಟು ರಿಸ್ಕ್, ಅಡ್ವರ್ಸ್ ವೆದರ್. ಮನಸ್ಸಿನಲ್ಲಿ ಓದುವಾಗ ಅಕ್ಷರ ಅಕ್ಷರವಾಗಿ, ಕನ್ನಡದ ಹಾಗೆ ಓದಿ: ಇಮ್‌ಮಿನೆಂಟ್, ಸ್ಟೇಷನೆರಿ. ಇಂಗ್ಲಿಷರು ಸ್ವರಗಳನ್ನು ನುಂಗುತ್ತಾರೆ, ನೀವು ನುಂಗಬೇಕಾಗಿಲ್ಲ. ಮರುದಿನ, ಒಂದು ವಾರಕ್ಕೆ, ಮೂರು ವಾರಕ್ಕೆ ಒಂದೊಂದು ಸಲ ಪುಸ್ತಕ ಮುಚ್ಚಿ ಬರೆದು ನೋಡಿ.

ಪರೀಕ್ಷೆಯಲ್ಲಿ ಅರ್ಥ ಹೊಳೆಯದಿದ್ದರೆ ಬಿಟ್ಟ ಸ್ಥಳದ ಅಕ್ಕಪಕ್ಕ ನೋಡಿ. ಹಿಂದೆ ವಿಲ್, ಮೇ, ನಾಟ್ ಇದ್ದರೆ ಬಹುಶಃ ಅಫೆಕ್ಟ್. ಹಿಂದೆ ದಿ ಅಥವಾ ಆ್ಯನ್, ಮುಂದೆ ಆನ್ ಇದ್ದರೆ ಎಫೆಕ್ಟ್. ಮುಂದೆ ಚೇಂಜ್ ಇದ್ದರೆ ಒಂದು ಸಲ ನಿಂತು ಯೋಚಿಸಿ. ಬಿಟ್ಟ ಸ್ಥಳದ ಮುಂದೆ ಟು, ಹಿಂದೆ ಮನುಷ್ಯ ಇದ್ದರೆ ಅವರ್ಸ್. ಮುಂದೆ ಇನ್ನೊಂದು ನಾಮಪದ ಅಂಟಿಕೊಂಡಿದ್ದರೆ ಪ್ರಿನ್ಸಿಪಲ್‌ಗೆ ಎ-ಎಲ್.